ಉಪ್ಪು ಹಣೆಯ ಕೂಸು: ಒಂದು ಕಾಯಿಲೆಯ ಚರಿತ್ರೆ

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ಗಾದೆ. ಕಾಲೇಜಿನಲ್ಲಿ ಗಾದೆಗಳ ಪಾಠ ಮಾಡುವಾಗ ನಾನು ಇದನ್ನು ಎಷ್ಟೋ ಸಲ ವಿವರಿಸಿದ್ದೇನೆ. ಉಪಮಾನ ಯಾವುದು, ಉಪಮೇಯ ಯಾವುದು ಎಂದು ಹಲಗೆಯ ಮೇಲೆ ಬರೆದು ತೋರಿಸಿದ್ದೇನೆ. ಆದರೆ ಉಪ್ಪಿಗೂ ತಾಯಿಗೂ ಗಾದೆಯ ಆಚೆಗೊಂದು ನಂಟಿರಬಹುದೆಂದು ನನಗೆ ಯಾವ ಅಲಂಕಾರಶಾಸ್ತ್ರವೂ ಕಲಿಸಲಿಲ್ಲ. ಅದನ್ನು ನಾನು ಕಲಿತದ್ದು ನನ್ನ ಅವ್ವನಿಂದ. ಕಲಿತೆನೆಂದು ತಿಳಿಯುವುದಕ್ಕೆ ಮತ್ತೆ ಹನ್ನೆರಡು ವರ್ಷ ಬೇಕಾಯಿತು.

ನಮ್ಮ ಮನೆ ಇರುವುದು ದಾವಣಗೆರೆಯ ಆನೆಕೊಂಡದಲ್ಲಿ. ಊರಿನವರಿಗೆ ಈ ಹೆಸರು ಕೇಳಿದೊಡನೆ ಹಳೆಯ ಈಶ್ವರ ದೇವಾಲಯವೂ ಶ್ರಾವಣದ ಬಸವೇಶ್ವರನ ಕಾರಣಿಕವೂ ನೆನಪಾಗುತ್ತವೆ. ಹಿಂದೆ ಇದು ದಾವಣಗೆರೆಗೆ ತಾಗಿಕೊಂಡ ಹಳ್ಳಿ. ಈಗ ಪಟ್ಟಣ ಬೆಳೆದು ಹಳ್ಳಿಯನ್ನು ತನ್ನೊಳಗೆ ಮಾಡಿಕೊಂಡಿದೆ. 2002ರಲ್ಲಿ ನಮ್ಮ ಅಕ್ಕ ಎರಡನೆಯ ಬಾಣಂತನಕ್ಕೆ ಈ ಮನೆಗೇ ಬಂದಳು. ಮೊದಲನೆಯದು ಗಂಡು, ಗುಂಡುಕಲ್ಲಿನಂತಿತ್ತು. ಎರಡನೆಯದು ಹೆಣ್ಣು. ಕೂಸಿಗೆ ಮೂರು ತಿಂಗಳಾಗಿದ್ದಾಗ ಒಂದು ದಿನ ಅವ್ವ ಅದರ ಹಣೆಗೆ ಮುತ್ತಿಟ್ಟು ತುಟಿ ಸವರಿಕೊಂಡಳು.

“ಏನವ್ವ ಇದು, ಕೂಸಿನ ಹಣಿ ಮುದ್ದಿಟ್ರೆ ಬಾಯೆಲ್ಲ ಉಪ್ಪುಪ್ಪಾಕ್ಕತಿ!”

“ಬೆವತೈತಿ ಬಿಡವ್ವ,” ಎಂದಳು ಅಕ್ಕ.

ಮಾತು ಅಲ್ಲಿಗೇ ಮುಗಿಯಿತು. ಕೂಸು ಹಾಲನ್ನೇನೋ ಆಸೆಯಿಂದ ಕುಡಿಯುತ್ತಿತ್ತು, ಮೈಮಾತ್ರ ಹತ್ತಲಿಲ್ಲ. ಮಲ ಜಿಡ್ಡುಜಿಡ್ಡಾಗಿ, ಮನೆಯೆಲ್ಲ ಹರಡುವಷ್ಟು ನಾತವಾಗಿ ಹೋಗುತ್ತಿತ್ತು. ಕೆಮ್ಮಂತೂ ಬಿಟ್ಟದ್ದೇ ಇಲ್ಲ. ಕೆಮ್ಮಿಗೆ ಕಾರಣ ಹೇಳುವುದಕ್ಕೆ ನಮ್ಮ ಊರಿನಲ್ಲಿ ಬರವೇ? ಹತ್ತಿ ಗಿರಣಿಗಳ ಊರಾದ್ದರಿಂದ ಹತ್ತಿಯ ಧೂಳು ಎಂದರು ಕೆಲವರು. ಮಂಡಕ್ಕಿ ಭಟ್ಟಿಯ ಹೊಗೆ ಎಂದರು ಮತ್ತೆ ಕೆಲವರು. ದೃಷ್ಟಿಯೆಂದು ನಿವಾಳಿಸಿದ್ದೂ ಆಯಿತು, ಬಾಲಗ್ರಹವೆಂದು ತಾಯಿತ ಕಟ್ಟಿದ್ದೂ ಆಯಿತು. 2003ರ ಏಪ್ರಿಲ್ ತಿಂಗಳಿನಲ್ಲಿ ಎರಡು ದಿನ ಬಿಸಿಲು ವಿಪರೀತವಾಯಿತು. ಕೂಸು ವಾಂತಿ ಮಾಡಿಕೊಂಡಿತು, ಬಾಡಿದ ಸೊಪ್ಪಿನಂತೆ ಕೈಕಾಲು ಚೆಲ್ಲಿತು. ಆಸ್ಪತ್ರೆಗೆ ಒಯ್ಯುವ ಆಟೋದಲ್ಲಿ, ಅಕ್ಕನ ಮಡಿಲಿನಲ್ಲೇ ಹೋಗಿಬಿಟ್ಟಿತು. ಅದಕ್ಕೆ ಹತ್ತು ತಿಂಗಳೂ ತುಂಬಿರಲಿಲ್ಲ. ಬಿಸಿಲಿಗೆ ಹೋಯಿತು ಎಂದು ಬೀದಿಯವರು ಅಂದರು. ಅದು ಎಷ್ಟು ನಿಜವಾದ ಮಾತೆಂದು ಅಂದವರಿಗೂ ತಿಳಿಯದು, ಕೇಳಿದ ನಮಗೂ ತಿಳಿಯದು.

ಈ ಸಾವಿನ ಅರ್ಥ ತಿಳಿಯಬೇಕಾದರೆ ವಾಚಕರು ನನ್ನೊಡನೆ ಆನೆಕೊಂಡವನ್ನು ಬಿಟ್ಟು ಬಹು ದೂರ ಬರಬೇಕು.

1857ರಲ್ಲಿ ಸ್ವಿಟ್ಜರ್ಲೆಂಡಿನ ಮಕ್ಕಳ ಹಾಡುಗಳನ್ನೂ ಆಟಗಳನ್ನೂ ಕಲೆಹಾಕಿದ ಒಂದು ಗ್ರಂಥ ಅಚ್ಚಾಯಿತು. ಅದರಲ್ಲಿ ಅಲ್ಲಿನ ಜನರ ಒಂದು ನಂಬಿಕೆ ದಾಖಲಾಗಿದೆ. ಹಣೆಗೆ ಮುತ್ತಿಟ್ಟಾಗ ಯಾವ ಮಗು ಉಪ್ಪಾಗಿ ರುಚಿಸುವುದೋ ಅದಕ್ಕೆ ಮಾಟ ತಗಲಿದೆ, ಅದು ಹೆಚ್ಚು ದಿನ ಬಾಳುವುದಿಲ್ಲ ಎಂಬುದು ಆ ನಂಬಿಕೆ. ಇದನ್ನು ಓದಿದಾಗ ನನ್ನ ಮೈ ಜುಮ್ಮೆಂದಿತು. ಆಲ್ಪ್ಸ್ ಬೆಟ್ಟದ ಯಾವಳೋ ತಾಯಿಯ ನಾಲಗೆಗೂ ಆನೆಕೊಂಡದ ನನ್ನ ಅವ್ವನ ನಾಲಗೆಗೂ ತಿಳಿದದ್ದು ಒಂದೇ ಸಂಗತಿ. ಅವರು ಅದನ್ನು ಮಾಟ ಎಂದರು. ನಾವು ಬೆವರು ಎಂದು ಸುಮ್ಮನಾದೆವು.

ಇನ್ನೂ ಹಿಂದಕ್ಕೆ ಹೋದರೆ, 1595ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಪೀಟರ್ ಪಾವ್ ಎಂಬ ಶರೀರಶಾಸ್ತ್ರಜ್ಞನು ಹನ್ನೊಂದು ವರ್ಷದ ಹುಡುಗಿಯೊಬ್ಬಳ ಶವವನ್ನು ಪರೀಕ್ಷಿಸಿದನು. ಅವಳಿಗೂ ಮಾಟ ಮಾಡಿದ್ದಾರೆಂದು ಜನ ನಂಬಿದ್ದರು. ಹುಡುಗಿ ಎಲುಬಿನ ಗೂಡಾಗಿದ್ದಳು. ಅವಳ ಮೇದೋಜೀರಕ ಗ್ರಂಥಿ ಊದಿ, ಗಟ್ಟಿಯಾಗಿ, ಬೆಳ್ಳಗಾಗಿತ್ತೆಂದು ಅವನು ಬರೆದಿಟ್ಟನು. ಹೊಟ್ಟೆಯ ಹಿಂದೆ ಅಡ್ಡವಾಗಿ ಮಲಗಿರುವ ಈ ಗ್ರಂಥಿಯೇ ನಾವು ತಿಂದ ತುಪ್ಪ, ಬೆಣ್ಣೆ, ಬೇಳೆಗಳನ್ನು ಕರಗಿಸುವ ರಸವನ್ನು ಕರುಳಿಗೆ ಹರಿಸತಕ್ಕದ್ದು. ಅದು ಕಲ್ಲಾದರೆ ಎಷ್ಟು ತಿಂದರೂ ಮೈಗೆ ಹತ್ತದು. ಪಾವ್ ಕಂಡದ್ದು ಸರಿ; ಆದರೆ ಅದಕ್ಕೊಂದು ಹೆಸರು ದೊರೆಯಲು ಮುನ್ನೂರ ನಲವತ್ತು ವರ್ಷಗಳಿಗೂ ಮೇಲೆ ಬೇಕಾಯಿತು.

ಹೆಸರು ಕೊಟ್ಟವಳು ಒಬ್ಬ ಹೆಂಗಸು, ಡೊರೊಥಿ ಆಂಡರ್ಸನ್. ಶಸ್ತ್ರವೈದ್ಯೆಯಾಗಬೇಕೆಂಬುದು ಆಕೆಯ ಆಸೆಯಾಗಿತ್ತು. ಹೆಂಗಸೆಂಬ ಕಾರಣಕ್ಕೆ ಆ ಬಾಗಿಲು ಮುಚ್ಚಿತು. ಆಕೆ ಶವಪರೀಕ್ಷೆಯ ವಿಭಾಗಕ್ಕೆ ಬಂದು ನ್ಯೂಯಾರ್ಕಿನ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತಳು. ಅಲ್ಲಿ ಒಂದು ಮಗುವಿನ ಶವ ಆಕೆಯ ಮೇಜಿಗೆ ಬಂತು. ಗೋಧಿ ಒಗ್ಗದೆ ಬರುವ ಸೀಲಿಯಾಕ್ ಎಂಬ ಕಾಯಿಲೆಯಿಂದ ಸತ್ತಿದೆಯೆಂದು ಚೀಟಿಯಲ್ಲಿ ಬರೆದಿತ್ತು. ಚೀಟಿಯನ್ನು ನಂಬಿ ಸಹಿ ಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆಕೆ ನಂಬಲಿಲ್ಲ. ಗ್ರಂಥಿಯಲ್ಲಿ ಅಲ್ಲಲ್ಲಿ ಗುಳ್ಳೆಗಳಾಗಿ, ನಡುವೆ ನಾರುಗಟ್ಟಿದ್ದನ್ನು ಕಂಡು, ಹಳೆಯ ದಾಖಲೆಗಳನ್ನೆಲ್ಲ ಕೆದಕಿ, ಅಂಥ 49 ಮಕ್ಕಳ ವೃತ್ತಾಂತವನ್ನು ಒಟ್ಟುಮಾಡಿ 1938ರಲ್ಲಿ ಪ್ರಕಟಿಸಿದಳು. ಸ್ವಿಟ್ಜರ್ಲೆಂಡಿನ ಗೀಡೊ ಫ್ಯಾಂಕೋನಿ ಎಂಬ ಮಕ್ಕಳ ವೈದ್ಯನು 1936ರಲ್ಲೇ ಇದರ ಸುಳಿವು ಕೊಟ್ಟಿದ್ದನು. ಆದರೆ ಇದು ಬೇರೆಯೇ ಒಂದು ಕಾಯಿಲೆಯೆಂದು ಜಗತ್ತು ಒಪ್ಪಿದ್ದು ಆಂಡರ್ಸನ್ನಳ ಬರಹದ ತರುವಾಯ. ಗುಳ್ಳೆ ಮತ್ತು ನಾರು ಎಂಬ ಎರಡು ಮಾತುಗಳಿಂದಲೇ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹೆಸರು ಹುಟ್ಟಿತು. ಸತ್ತ ಮಕ್ಕಳ ಹೊಟ್ಟೆಯಲ್ಲಿ ಕಂಡದ್ದರ ಹೆಸರು ಇದು. ಬದುಕಿರುವ ಮಗುವಿನ ಕಷ್ಟವನ್ನು ಈ ಹೆಸರು ಹೇಳುವುದಿಲ್ಲ. ಭಾಷೆಯ ಮೇಷ್ಟರಾದ ನನಗೆ ಇದೊಂದು ಕೊರತೆಯಾಗಿಯೇ ತೋರುತ್ತದೆ.

ಆ ಕಷ್ಟ ಎಲ್ಲಿಂದ ಹುಟ್ಟುತ್ತದೆಂದು ತೋರಿಸಿದ್ದು ಉಪ್ಪು. 1948ರ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ಕಂಡರಿಯದ ಸೆಕೆ ಬಿತ್ತು. ಸೆಕೆಗೆ ಕುಸಿದು ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಈ ಕಾಯಿಲೆಯವೇ ಹೆಚ್ಚಾಗಿದ್ದುದನ್ನು ಆಂಡರ್ಸನ್ ಮತ್ತು ಆಕೆಯ ಸಂಗಡಿಗರು ಗಮನಿಸಿದರು. ಅದೇ ಆಸ್ಪತ್ರೆಯ ಪಾಲ್ ಡಿ ಸ್ಯಾಂಟ್ ಆಗ್ನೀಸ್ ಎಂಬ ವೈದ್ಯನು, ಇದೇಕೆ ಹೀಗೆ ಎಂದು ಮಕ್ಕಳ ಬೆವರನ್ನು ಪರೀಕ್ಷಿಸಿದನು. ಆ ಬೆವರಿನಲ್ಲಿ ಮಿಕ್ಕ ಮಕ್ಕಳಿಗಿಂತ ಹಲವು ಪಟ್ಟು ಉಪ್ಪಿತ್ತು! 1953ರಲ್ಲಿ ಇದು ಪ್ರಕಟವಾಯಿತು. ಬಿಸಿಲಿನಲ್ಲಿ ಬೆವರಿದಂತೆಲ್ಲ ಮೈಯ ಉಪ್ಪು ಸೋರಿಹೋಗುವುದು. ಉಪ್ಪಿನ ಹಿಂದೆಯೇ ನೀರು ಹೋಗುವುದು. ರಕ್ತದ ಸಮತೂಕ ಕೆಡುವುದು. ಮಗು ಬಾಡಿ ಬೀಳುವುದು. 2003ರ ಏಪ್ರಿಲ್ಲಿನಲ್ಲಿ ಅಕ್ಕನ ಮಡಿಲಿನಲ್ಲಿ ನಡೆದದ್ದರ ವರದಿ ನಾನು ಹುಟ್ಟುವುದಕ್ಕೂ ಎಷ್ಟೋ ವರ್ಷ ಮುಂಚೆ ನ್ಯೂಯಾರ್ಕಿನಲ್ಲಿ ಅಚ್ಚಾಗಿತ್ತು. ಅಷ್ಟು ದೂರದ ಕಾಗದ ಆನೆಕೊಂಡಕ್ಕೆ ಬಂದು ಮುಟ್ಟಲಿಲ್ಲ, ಅಷ್ಟೆ.

1959ರಲ್ಲಿ ಗಿಬ್ಸನ್ ಮತ್ತು ಕುಕ್ ಎಂಬಿಬ್ಬರು ಬೆವರಿನ ಪರೀಕ್ಷೆಯನ್ನು ಸುಲಭಗೊಳಿಸಿದರು. ಪೈಲೊಕಾರ್ಪಿನ್ ಎಂಬ ಔಷಧವನ್ನು ಮೊಣಕೈ ಕೆಳಗೆ ಸವರಿ, ಬಹು ಮಂದವಾದ ವಿದ್ಯುತ್ತನ್ನು ಹಾಯಿಸಿದರೆ ಅಷ್ಟು ಜಾಗ ಮಾತ್ರ ಬೆವರುತ್ತದೆ. ಅರ್ಧ ಗಂಟೆ ಆ ಬೆವರನ್ನು ಕೂಡಿಸಿ, ಅದರ ಕ್ಲೋರೈಡನ್ನು ಅಳೆಯುತ್ತಾರೆ. ಅಳತೆ 30ಕ್ಕಿಂತ ಕೆಳಗಿದ್ದರೆ ಚಿಂತೆಯಿಲ್ಲ, 60 ಅಥವಾ ಅದಕ್ಕೆ ಮೇಲಿದ್ದರೆ ಕಾಯಿಲೆ ಇದೆಯೆಂದೇ ಲೆಕ್ಕ, ನಡುವಿನದು ಸಂಶಯ. ಇಂದಿಗೂ ಇದೇ ಒರೆಗಲ್ಲು. ಸೂಜಿಯಿಲ್ಲ, ರಕ್ತವಿಲ್ಲ, ನೋವಿಲ್ಲ. ಮುತ್ತಿಟ್ಟ ತಾಯಿಯ ನಾಲಗೆ ಹೇಳಿದ್ದನ್ನೇ ಯಂತ್ರ ಅಂಕಿಯಲ್ಲಿ ಹೇಳುತ್ತದೆ.

ಬೆವರಿನ ಉಪ್ಪಿಗೂ ಎದೆಯ ಕೆಮ್ಮಿಗೂ ಹೊಟ್ಟೆಯ ಅಜೀರ್ಣಕ್ಕೂ ಏನು ಸಂಬಂಧ? ಈ ಗಂಟನ್ನು ಬಿಡಿಸಲು ಮತ್ತೆ ಮೂವತ್ತು ವರ್ಷ ಹಿಡಿಯಿತು. ಪಾಲ್ ಕ್ವಿಂಟನ್ ಎಂಬ ಅಮೆರಿಕದ ವಿಜ್ಞಾನಿ, ಸ್ವತಃ ಈ ಕಾಯಿಲೆಯನ್ನು ಹೊತ್ತವನು, ಬೆವರಿನ ಗ್ರಂಥಿಗಳ ನಾಳದಲ್ಲಿ ಕ್ಲೋರೈಡು ದಾಟುವ ದಾರಿಯೇ ಮುಚ್ಚಿಹೋಗಿದೆಯೆಂದು 1983ರಲ್ಲಿ ತೋರಿಸಿದನು. 1989ರಲ್ಲಿ ಟೊರಾಂಟೊ ಮತ್ತು ಮಿಷಿಗನ್ನಿನ ಲ್ಯಾಪ್-ಚೀ ಟ್ಸುಯಿ, ಜಾನ್ ರಿಯೊರ್ಡನ್, ಫ್ರಾನ್ಸಿಸ್ ಕಾಲಿನ್ಸ್ ಇವರ ತಂಡಗಳು ಏಳನೆಯ ವರ್ಣತಂತುವಿನಲ್ಲಿ ಇದರ ವಂಶವಾಹಿಯನ್ನು ಪತ್ತೆಹಚ್ಚಿದವು. ಆ ವಂಶವಾಹಿಯ ಆಣತಿಯಂತೆ 1480 ಮಣಿಗಳ ಒಂದು ಸರ ತಯಾರಾಗಿ, ಮಡಿಚಿಕೊಂಡು, ಜೀವಕೋಶದ ಗೋಡೆಯಲ್ಲಿ ಬಾಗಿಲಾಗಿ ಕೂಡುತ್ತದೆ. ಹೆಚ್ಚಿನ ರೋಗಿಗಳಲ್ಲಿ ತಪ್ಪಿರುವುದು ಒಂದೇ ಮಣಿ, 508ನೆಯದು.

ನಮ್ಮ ಕಡೆಯವರಿಗೆ ಇದನ್ನು ಭದ್ರಾ ನಾಲೆಯ ತೂಬಿನ ಹೋಲಿಕೆಯಿಂದ ಹೇಳುವುದು ಸುಲಭ. ತೂಬು ಸರಿಯಾಗಿ ತೆರೆದು ಮುಚ್ಚಿದರೆ ನೀರು ಹದವಾಗಿ ಹರಿಯುತ್ತದೆ. ತೂಬೇ ಇಲ್ಲದಿದ್ದರೆ ನಾಲೆ ಹೂಳು ತುಂಬುತ್ತದೆ. ಮೈಯ ಕಾಲುವೆಗಳಲ್ಲಿಯೂ ಹಾಗೆಯೇ. ಶ್ವಾಸಕೋಶದಲ್ಲಿ ಈ ತೂಬಿನ ಮೂಲಕ ಉಪ್ಪಿನಂಶ ಹೊರಬಿದ್ದು, ಅದರೊಡನೆ ನೀರೂ ಬಂದು, ಲೋಳೆ ತೆಳ್ಳಗಿರುತ್ತದೆ. ಧೂಳನ್ನೂ ರೋಗಾಣುವನ್ನೂ ಹೊರಗೆ ತಳ್ಳುತ್ತದೆ. ತೂಬು ಕೆಟ್ಟರೆ ಲೋಳೆ ಹಲಸಿನ ಮೇಣದಂತಾಗುತ್ತದೆ. ಅದರಲ್ಲಿ ರೋಗಾಣುಗಳು ಸಂಸಾರ ಹೂಡುತ್ತವೆ. ಮೊದಲು ಸ್ಟ್ಯಾಫಿಲೊಕಾಕಸ್, ಆಮೇಲೆ ಒಮ್ಮೆ ಹೊಕ್ಕರೆ ಬಿಡಿಸುವುದೇ ಕಷ್ಟವಾದ ಸೂಡೊಮೊನಾಸ್. ಕೆಮ್ಮಿ ಕೆಮ್ಮಿ ಶ್ವಾಸನಾಳಗಳು ಜೋಲುಬಿದ್ದು ಹಿಗ್ಗುತ್ತವೆ. ಮೇದೋಜೀರಕದ ನಾಳ ಕಟ್ಟಿಕೊಂಡು ರಸ ಕರುಳಿಗೆ ಇಳಿಯುವುದಿಲ್ಲ. ತಿಂದ ಕೊಬ್ಬು ಹಾಗೆಯೇ ಹೊರಟುಹೋಗುತ್ತದೆ, ಅದರೊಡನೆ ಎ, ಡಿ, ಇ, ಕೆ ಜೀವಸತ್ವಗಳೂ ಹೋಗುತ್ತವೆ. ಕೆಲವು ಶಿಶುಗಳಿಗೆ ಹುಟ್ಟಿದಾಗಲೇ ಮೊದಲ ಮಲ ಕರುಳಿನಲ್ಲಿ ಸಿಕ್ಕಿಕೊಂಡಿರುತ್ತದೆ. ಬೆಳೆದಂತೆ ಕೆಲವರಿಗೆ ಸಿಹಿಮೂತ್ರ, ಕೆಲವರಿಗೆ ಯಕೃತ್ತಿನ ತೊಂದರೆ. ಗಂಡಸರಲ್ಲಿ ಬಹುಮಂದಿಗೆ ವೀರ್ಯನಾಳವೇ ಇರುವುದಿಲ್ಲ. ಬೆವರಿನ ಗ್ರಂಥಿಯಲ್ಲಿ ಮಾತ್ರ ಕೆಲಸ ತಿರುಗುಮುರುಗು. ಅಲ್ಲಿ ತೂಬಿನ ಕೆಲಸ ಉಪ್ಪನ್ನು ಮೈಯೊಳಕ್ಕೆ ಮರಳಿ ಎಳೆದುಕೊಳ್ಳುವುದು. ತೂಬು ಮುಚ್ಚಿದ್ದರಿಂದ ಉಪ್ಪು ಹೊರಗೇ ಉಳಿದು ಹಣೆಯ ಮೇಲೆ ಕೂಡುತ್ತದೆ. ಎದೆ, ಹೊಟ್ಟೆ, ಚರ್ಮ ಎಂದು ಬೇರೆ ಬೇರೆಯಾಗಿ ಕಾಣುವ ಕಾಯಿಲೆಗಳೆಲ್ಲ ಒಂದೇ ತೂಬಿನವು.

ಇಷ್ಟೆಲ್ಲ ತಿಳಿವಳಿಕೆ ಬೆಳೆಯುತ್ತಿದ್ದಾಗ ನಮ್ಮ ದೇಶದಲ್ಲಿ ಏನಾಗುತ್ತಿತ್ತು? ಇದು ಬಿಳಿಯರ ಕಾಯಿಲೆ, ನಮ್ಮಲ್ಲಿಲ್ಲ ಎಂಬ ಭಾವನೆ ಬಹುಕಾಲ ಗಟ್ಟಿಯಾಗಿತ್ತು. ಭಾವನೆಗೆ ಆಧಾರವಿಲ್ಲದಿರಲಿಲ್ಲ. ಯುರೋಪಿನ ಮೂಲದವರಲ್ಲಿ ಸುಮಾರು ಮೂರು ಸಾವಿರ ಹುಟ್ಟಿಗೆ ಒಂದರಂತೆ ಈ ಕಾಯಿಲೆ ಕಾಣುತ್ತದೆ. ಇಪ್ಪತ್ತೈದು ಮಂದಿಯಲ್ಲಿ ಒಬ್ಬರು ಅದರ ವಾಹಕರು. ಆದರೆ ಕಡಮೆ ಎನ್ನುವುದು ಬೇರೆ, ಇಲ್ಲ ಎನ್ನುವುದು ಬೇರೆ. ಭಾರತದ ಮಗುವೊಂದರಲ್ಲಿ ಈ ಕಾಯಿಲೆಯ ಮೊದಲ ವರದಿ ಬಂದದ್ದು 1968ರಲ್ಲಿ. ದಾವಣಗೆರೆಯಲ್ಲಿ ಜಗದ್ಗುರು ಜಯದೇವ ಮುರುಘರಾಜೇಂದ್ರ ವೈದ್ಯಕೀಯ ಕಾಲೇಜು ಪ್ರಾರಂಭವಾಗಿ ಆಗ ಮೂರು ವರ್ಷವಾಗಿತ್ತು. ಆ ಮೇಲೂ ದಶಕಗಳ ಕಾಲ ವರದಿಗಳು ಬೆರಳೆಣಿಕೆಯವೇ. ಬೆವರಿನ ಪರೀಕ್ಷೆಯ ಸಲಕರಣೆ ಹೆಚ್ಚಿನ ಊರುಗಳಲ್ಲಿ ಇರಲಿಲ್ಲ. ಪರೀಕ್ಷೆ ಇಲ್ಲದ್ದರಿಂದ ಕಾಯಿಲೆ ಕಾಣಲಿಲ್ಲ. ಕಾಯಿಲೆ ಕಾಣದ್ದರಿಂದ ಪರೀಕ್ಷೆ ಬೇಕೆನ್ನಿಸಲಿಲ್ಲ. ಕೆಮ್ಮಿ ಸೊರಗುವ ಮಗುವಿಗೆ ನಮ್ಮಲ್ಲಿ ಸಿದ್ಧವಾದ ಹೆಸರೊಂದಿತ್ತಲ್ಲ, ಕ್ಷಯ!

2003ರಲ್ಲಿ, ನಮ್ಮ ಕೂಸು ಹೋದ ಅದೇ ವರ್ಷ, ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಎಸ್. ಕೆ. ಕಾಬ್ರಾ ಮತ್ತು ಅವರ ಸಂಗಡಿಗರು ಈ ಕಾಯಿಲೆಯ 120 ಭಾರತೀಯ ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. 2006ರಲ್ಲಿ ಅಲ್ಲಿಯ ತಜ್ಞರು 955 ನವಜಾತ ಶಿಶುಗಳ ಹೊಕ್ಕುಳಬಳ್ಳಿಯ ರಕ್ತವನ್ನು ಪರೀಕ್ಷಿಸಿ, ಆ 508ನೆಯ ಮಣಿಯ ದೋಷ 238 ಮಂದಿಯಲ್ಲಿ ಒಬ್ಬರಿಗಿದೆಯೆಂದು ಕಂಡರು. ಅದರಿಂದ ಲೆಕ್ಕ ಹಾಕಿದಾಗ ಸುಮಾರು 43 ಸಾವಿರದಿಂದ ಒಂದು ಲಕ್ಷ ಹುಟ್ಟಿಗೆ ಒಂದು ಮಗು ಎಂದಾಯಿತು. ಅಂಕಿ ಚಿಕ್ಕದೆಂದು ತೋರಬಹುದು. ಆದರೆ ವರ್ಷಕ್ಕೆ ಎರಡು ಕೋಟಿಗೂ ಮೇಲೆ ಮಕ್ಕಳು ಹುಟ್ಟುವ ದೇಶದಲ್ಲಿ ಇದು ವರ್ಷಕ್ಕೆ ನೂರಾರು ತೊಟ್ಟಿಲುಗಳ ಮಾತು. ಅವುಗಳಲ್ಲಿ ಎಷ್ಟು ತೊಟ್ಟಿಲುಗಳಿಗೆ ಹೆಸರು ತಿಳಿದ ಮೇಲೆ ಕಷ್ಟ ಬರುತ್ತದೆ, ಎಷ್ಟಕ್ಕೆ ಹೆಸರೇ ತಿಳಿಯದೆ ಬಂದು ಹೋಗುತ್ತದೆ?

ಕನ್ನಡದಲ್ಲಿ ಸುಮಾರು 1200ರ ಹೊತ್ತಿಗೆ ದೇವೇಂದ್ರಮುನಿ ಎಂಬಾತನು ‘ಬಾಲಗ್ರಹ ಚಿಕಿತ್ಸೆ’ ಎಂಬ ಗ್ರಂಥವನ್ನು ಬರೆದನೆಂದು ನಮ್ಮ ಸಾಹಿತ್ಯ ಚರಿತ್ರೆಗಳು ಹೇಳುತ್ತವೆ. ಸಾಹಿತ್ಯ ಚರಿತ್ರೆಯ ಪಾಠದಲ್ಲಿ ಅದು ಒಂದು ಸಾಲು. ನಾನೂ ಅದನ್ನು ಒಂದು ಸಾಲಿನಲ್ಲೇ ಹೇಳಿ ಮುಂದೆ ಹೋಗುತ್ತಿದ್ದೆ. ಈಗ ಹಾಗೆ ಹೋಗಲಾರೆ. ಎಂಟುನೂರು ವರ್ಷದ ಹಿಂದೆ ಕನ್ನಡದ ಒಬ್ಬ ಮುನಿ ಸೊರಗುವ ಮಕ್ಕಳ ಮುಂದೆ ಕುಳಿತು, ಇದಕ್ಕೆ ಏನಾದರೊಂದು ಮಾಡಬೇಕಲ್ಲ ಎಂದು ಲೇಖನಿ ಹಿಡಿದನು. ಗ್ರಹ ಎಂಬ ಮಾತು ತಪ್ಪಾಗಿರಬಹುದು. ಆದರೆ ಕಾಯಿಲೆಯನ್ನು ಹೆಸರಿಟ್ಟು ಕರೆಯಬೇಕೆಂಬ ಹಂಬಲ ತಪ್ಪಲ್ಲ.

ಅಕ್ಕನಿಗೆ 2007ರಲ್ಲಿ ಮತ್ತೊಂದು ಗಂಡಾಯಿತು. ಮತ್ತೆ ಅದೇ ಕೆಮ್ಮು, ಅದೇ ಜಿಡ್ಡು ಮಲ, ಅದೇ ಉಪ್ಪು ಹಣೆ. ಈ ಸಲ ಅವ್ವ ಸುಮ್ಮನಿರಲಿಲ್ಲ. “ಅದರ ಅಕ್ಕನಂಗೇ ಐತಿ ಕಣಪ್ಪಾ, ನನಗ್ಯಾಕೋ ಹೆದರಿಕಿ,” ಎಂದಳು. ಆದರೆ ಉಪ್ಪಿನ ಮಾತನ್ನು ವೈದ್ಯರ ಮುಂದೆ ಹೇಳುವುದು ಹೇಗೆ? ಓದಿದ ನನಗೇ ನಾಚಿಕೆಯಾಗುತ್ತಿತ್ತು. ಮುದುಕಿಯ ಮಾತೆಂದು ನಕ್ಕಾರೆಂದು ನಾನೇ ಅವ್ವನನ್ನು ತಡೆದೆ. ಹುಡುಗನಿಗೆ ಎರಡು ಸಲ ಕ್ಷಯದ ಮಾತ್ರೆ ನುಂಗಿಸಿದೆವು, ಕೆಮ್ಮು ಹೋಗಲಿಲ್ಲ. 2014ರಲ್ಲಿ ಅವನನ್ನು ಬೆಂಗಳೂರಿಗೆ ಕರೆದೊಯ್ದೆವು. ಅಲ್ಲಿಯ ಒಬ್ಬ ಕಿರಿಯ ವೈದ್ಯೆ ಹುಡುಗನ ಬೆರಳ ತುದಿಗಳು ದಪ್ಪಗಾಗಿ ಉಗುರು ಬಾಗಿರುವುದನ್ನು ನೋಡಿ, ಸತ್ತ ಕೂಸಿನ ವಿಷಯವನ್ನೂ ಕೇಳಿದರು. ಆಮೇಲೆ ಅವ್ವನ ಕಡೆ ತಿರುಗಿ, “ಅಜ್ಜಿ, ಈ ಮಗುವಿಗೆ ಮುತ್ತು ಕೊಟ್ಟರೆ ಉಪ್ಪುಪ್ಪು ಅನ್ನಿಸುತ್ತಾ?” ಎಂದರು.

ಅವ್ವ ನನ್ನ ಮುಖ ನೋಡಿದಳು. ಆ ನೋಟವನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. ಬೆವರಿನ ಕ್ಲೋರೈಡು ನೂರರ ಮೇಲಿತ್ತು.

ಹೆಸರು ತಿಳಿದ ಮೇಲೆ ಬಾಳು ಸುಲಭವಾಯಿತೆಂದು ಹೇಳಲಾರೆ, ದಾರಿ ಕಂಡಿತು. ದಿನಕ್ಕೆ ಎರಡು ಹೊತ್ತು ಬೆನ್ನು, ಪಕ್ಕೆಗಳನ್ನು ಬೋಗುಣಿಗೈಯಿಂದ ತಟ್ಟಿ ಕಫ ಸಡಿಲಿಸುವುದು, ಆವಿಯಂತೆ ಔಷಧವನ್ನು ಎದೆಗೆಳೆಯುವುದು, ರೋಗಾಣು ತಲೆಯೆತ್ತಿದಾಗ ಅದಕ್ಕೆ ತಕ್ಕ ಆಂಟಿಬಯೋಟಿಕ್, ಜೀವಸತ್ವಗಳ ಹನಿ. ಮಿಕ್ಕ ಮಕ್ಕಳಿಗೆ ಬೇಡವೆನ್ನುವ ತುಪ್ಪ, ಬೆಣ್ಣೆ ಇವನಿಗೆ ಧಾರಾಳವಾಗಿ ಬೇಕು. ಬೆಣ್ಣೆದೋಸೆಯ ಊರಿನಲ್ಲಿ ಅದೊಂದು ಪುಣ್ಯ! ಆದರೆ ಬೆಣ್ಣೆ ಅರಗಬೇಕಾದರೆ ಪ್ರತಿ ಊಟಕ್ಕೂ ಪಾಚಕದ ಗುಳಿಗೆ ನುಂಗಬೇಕು. ಆ ಪಾಚಕವನ್ನು ತೆಗೆಯುವುದು ಹಂದಿಯ ಮೇದೋಜೀರಕದಿಂದ. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಈ ಸಂಗತಿಯನ್ನು ಮುಚ್ಚಿಡಬೇಕೆಂದು ಅಕ್ಕ, ಹೇಳಬೇಕೆಂದು ನಾನು. ಕೊನೆಗೆ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಜಪದ ಸರ ಹಿಡಿದು ಕುಳಿತಿದ್ದು, “ಕೂಸು ಉಳೀಲಿ ಬಿಡಪ್ಪಾ. ದೇವರಿಗೆ ನಾನು ಹೇಳ್ಕಂತೀನಿ,” ಎಂದಳು.

ಇನ್ನು ಉಪ್ಪು. ಬೇಸಿಗೆ ಬಂತೆಂದರೆ ಹುಡುಗನ ಮಜ್ಜಿಗೆಗೆ ಮೇಲೆ ಮೇಲೆ ಉಪ್ಪು ಬೀಳುತ್ತದೆ; ಜೇಬಿನಲ್ಲಿ ಉಪ್ಪಿನ ಪೊಟ್ಟಣ ಇದ್ದೇ ಇರುತ್ತದೆ. ಮಂಡಕ್ಕಿ ಭಟ್ಟಿಯವರು ಅಕ್ಕಿಗೆ ಉಪ್ಪು ಹಿಡಿಸುವಂತೆ ಇವನಿಗೂ ಹಿಡಿಸಬೇಕು ಎಂದು ಅವ್ವ ನಗುತ್ತಾಳೆ. ಚೋದ್ಯವೇನೆಂದರೆ, ಎದೆಯ ಔಷಧವೂ ಉಪ್ಪೇ. ಆಸ್ಟ್ರೇಲಿಯದಲ್ಲಿ ಸಮುದ್ರದ ಅಲೆಗಳ ಮೇಲೆ ಹಲಗೆಯಾಟ ಆಡುವ ರೋಗಿಗಳ ಉಸಿರು ಮಿಕ್ಕವರಿಗಿಂತ ಹಗುರವಾಗಿರುವುದನ್ನು ಅಲ್ಲಿನ ವೈದ್ಯರು ಗಮನಿಸಿದರು. ಉಪ್ಪು ನೀರಿನ ಸಿಂಚನವೇ ಕಾರಣವಿರಬಹುದೆಂದು ಪ್ರಯೋಗಕ್ಕೆ ತೊಡಗಿ, ಗಟ್ಟಿಯಾದ ಉಪ್ಪು ನೀರಿನ ಹಬೆಯನ್ನು ಎಳೆದುಕೊಂಡರೆ ಲೋಳೆ ನೀರಾಗಿ ಎದೆ ತೆರವಾಗುವುದೆಂದು 2006ರಲ್ಲಿ ಪ್ರಕಟಿಸಿದರು. ಯಾವುದು ಹಣೆಯ ಮೇಲೆ ಕೂತು ಮಗುವನ್ನು ತೋರಿಸಿಕೊಟ್ಟಿತೋ ಅದೇ ಎದೆಗಿಳಿದು ಅವನನ್ನು ಕಾಯುತ್ತಿದೆ.

ಈ ನಡುವೆ ತೂಬನ್ನೇ ರಿಪೇರಿ ಮಾಡುವ ಔಷಧಗಳು ಬಂದಿವೆ. 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಐವಾಕಾಫ್ಟರ್ ಎಂಬುದು ತುಕ್ಕು ಹಿಡಿದ ತೂಬನ್ನು ತೆರೆಯುತ್ತದೆ. 2019ರಲ್ಲಿ ಬಂದ ಟ್ರಿಕಾಫ್ಟ ಎಂಬ ಮೂರು ಔಷಧಗಳ ಕೂಟ ಮಡಿಕೆ ತಪ್ಪಿದ ತೂಬನ್ನು ಸರಿಪಡಿಸಿ ಗೋಡೆಗೆ ಒಯ್ದು ಕೂಡಿಸುತ್ತದೆ. ಆಂಡರ್ಸನ್ನಳ ಕಾಲದಲ್ಲಿ ಹೆಚ್ಚಿನ ಮಕ್ಕಳು ಶೈಶವವನ್ನು ದಾಟುತ್ತಿರಲಿಲ್ಲ. ಇಂದು ಅಮೆರಿಕದಲ್ಲಿ ಹುಟ್ಟುವ ರೋಗಿಷ್ಠ ಶಿಶು ಅರವತ್ತು ದಾಟೀತೆಂಬ ನಿರೀಕ್ಷೆಯಿದೆ. ಆದರೆ 2019ರಲ್ಲಿ ಆ ಔಷಧದ ಅಲ್ಲಿನ ಬೆಲೆ ವರ್ಷಕ್ಕೆ ಸುಮಾರು ಮೂರು ಲಕ್ಷ ಡಾಲರಿತ್ತು! ಭಾರತ ಸರ್ಕಾರವು 2021ರಲ್ಲಿ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯನ್ನು ಹೊರಡಿಸಿ ಈ ಕಾಯಿಲೆಯನ್ನೂ ಪಟ್ಟಿಯಲ್ಲಿ ಸೇರಿಸಿತು. 2022ರಲ್ಲಿ ಒಬ್ಬ ರೋಗಿಯ ನೆರವಿನ ಮಿತಿಯನ್ನು 50 ಲಕ್ಷ ರೂಪಾಯಿಗೆ ಏರಿಸಿತು. ವರ್ಷ ವರ್ಷವೂ, ಬದುಕಿರುವವರೆಗೂ ಬೇಕಾದ ಔಷಧಕ್ಕೆ ಆ ಮೊತ್ತ ಎಷ್ಟು ದಿನ ಬಂದೀತೆಂಬುದನ್ನು ವಾಚಕರೇ ಲೆಕ್ಕ ಹಾಕಿಕೊಳ್ಳಬಹುದು.

ಕೊನೆಯದಾಗಿ ಒಂದು ಮಾತು. ಹೇಳಲು ಕಷ್ಟವಾದದ್ದು ಇದೇ. ಇದು ಅಂಟುವ ಕಾಯಿಲೆಯಲ್ಲ, ವಂಶದಲ್ಲಿ ಇಳಿಯುವಂಥದು. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಕೆಟ್ಟ ಪ್ರತಿಗಳು ಕೂಡಿದಾಗ ಮಾತ್ರ ಮಗುವಿಗೆ ಕಾಯಿಲೆ. ಒಂದೇ ಪ್ರತಿ ಇದ್ದವರು ಆರೋಗ್ಯವಾಗಿಯೇ ಇದ್ದು, ತಮಗೇ ತಿಳಿಯದೆ ಅದನ್ನು ಹೊತ್ತಿರುತ್ತಾರೆ. ಅಂಥ ಇಬ್ಬರು ಮದುವೆಯಾದರೆ ಪ್ರತಿ ಬಸಿರಿಗೂ ನಾಲ್ಕರಲ್ಲೊಂದು ಪಾಲು ಅಪಾಯ. ಸಂಬಂಧವೇ ಇಲ್ಲದವರಲ್ಲಿಯೂ ಇದು ಆಗಬಹುದು. ಆದರೆ ಒಂದೇ ಅಜ್ಜ ಅಜ್ಜಿಯ ಆಸ್ತಿ ಎರಡು ಕವಲಾಗಿ ಹೋಗಿ ಒಂದೇ ತೊಟ್ಟಿಲಿನಲ್ಲಿ ಮತ್ತೆ ಕೂಡುವುದು ಸಂಬಂಧದೊಳಗಿನ ಮದುವೆಯಲ್ಲಿ ಸುಲಭ. ನಮ್ಮ ಅಕ್ಕನನ್ನು ಕೊಟ್ಟದ್ದು ಸೋದರಮಾವನಿಗೆ, ಅಂದರೆ ಅವ್ವನ ತಮ್ಮನಿಗೆ. ನಮ್ಮ ಕಡೆ ಇದು ಹೊಸದಲ್ಲ. ಹೊಲ ಒಡೆಯದಂತೆ, ಹೆಣ್ಣುಮಗಳು ಕಣ್ಣಮುಂದೆ ಇರುವಂತೆ ಮಾಡಿದ ಏರ್ಪಾಡು. ಹುಡುಗನ ವಂಶವಾಹಿಯ ವರದಿಯಲ್ಲಿ ಎರಡು ಪ್ರತಿಗಳಲ್ಲಿಯೂ ಒಂದೇ ದೋಷವಿತ್ತು. ಅರ್ಥ ಸ್ಪಷ್ಟ. ಒಂದು ಪ್ರತಿ ಮಾವನ ಮೂಲಕ ಬಂತು. ಇನ್ನೊಂದು ಅವ್ವನ ಮೂಲಕ ಅಕ್ಕನಿಗೆ ಬಂತು.

ಕಳೆದ ವರ್ಷ ಅವ್ವ ಒಂದು ಆಸೆಯನ್ನು ಬಾಯಿಬಿಟ್ಟಳು. ಅಕ್ಕನ ಹಿರಿಯ ಮಗನಿಗೆ ನನ್ನ ಮಗಳನ್ನು ತರಬೇಕು. ಅವಳ ಓದು ಮುಗಿದ ಮೇಲೇ ಆಗಲಿ, ಮಾತು ಮಾತ್ರ ಈಗ. ಹುಡುಗ ಒಳ್ಳೆಯವನು, ಗಟ್ಟಿಮುಟ್ಟಾದವನು. ಆದರೆ ಗಟ್ಟಿಮುಟ್ಟಾದ ಅಣ್ಣನಲ್ಲಿಯೂ ಒಂದು ಕೆಟ್ಟ ಪ್ರತಿ ಇರುವ ಸಂಭವ ಮೂರರಲ್ಲಿ ಎರಡು ಪಾಲು. ನಾನು ನನ್ನ ರಕ್ತವನ್ನು ಪರೀಕ್ಷೆಗೆ ಕೊಟ್ಟೆ. ನನ್ನಲ್ಲೂ ಒಂದು ಪ್ರತಿ ಇತ್ತು. ನನ್ನ ಮಗಳಿಗೆ ಅದು ಇಳಿದಿರುವ ಸಂಭವ ಅರ್ಧ. ಎಲ್ಲವನ್ನೂ ಗುಣಿಸಿದರೆ ಅವರಿಗೆ ಹುಟ್ಟುವ ಪ್ರತಿ ಮಗುವಿಗೂ ಹನ್ನೆರಡರಲ್ಲಿ ಒಂದು ಪಾಲು ಅಪಾಯ. ಪರಕೀಯರಲ್ಲಿ ಹತ್ತಾರು ಸಾವಿರಕ್ಕೆ ಒಂದಾದದ್ದು ನಮ್ಮ ಪಡಸಾಲೆಯಲ್ಲಿ ಹನ್ನೆರಡಕ್ಕೆ ಒಂದು!

ಅವ್ವನಿಗೆ ಈ ಲೆಕ್ಕವನ್ನು ಹೇಳಿದೆ. ಅವಳು ಅಂಕಿಯನ್ನು ಕೇಳಿಸಿಕೊಳ್ಳಲಿಲ್ಲ. “ಹಂಗಾರೆ ನನ್ನಿಂದ ಬಂತೇನಪ್ಪಾ?” ಎಂದಳು.

“ನಿನ್ನಿಂದ ಅಲ್ಲವ್ವಾ. ನಿನಗೂ ಯಾರೋ ಕೊಟ್ಟದ್ದು, ಅವರಿಗೆ ಇನ್ನಾರೋ. ನನ್ನಲ್ಲೂ ಐತಿ,” ಎಂದೆ.

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಮದುವೆಯ ಮಾತನ್ನು ಮತ್ತೆ ಎತ್ತಲೂ ಇಲ್ಲ. ವಿಷಯವನ್ನೆಲ್ಲ ಮಗಳಿಗೂ ಅಳಿಯನಿಗೂ ನಾನೇ ತಿಳಿಸಿದ್ದೇನೆ. ಮುಂದೆ ಅವರವರು ಯಾರನ್ನೇ ಮದುವೆಯಾಗಲಿ, ಮೊದಲು ಪರೀಕ್ಷೆ ಮಾಡಿಸಿಕೊಳ್ಳುವುದೆಂದು ಒಪ್ಪಿಗೆಯಾಗಿದೆ.

ಕಿರಿಯ ಹುಡುಗನಿಗೆ ಈಗ ಹದಿನೆಂಟು ತುಂಬಿದೆ. ಕೆಮ್ಮುತ್ತಲೇ ಓದುತ್ತಾನೆ, ಕೆಮ್ಮುತ್ತಲೇ ಕ್ರಿಕೆಟ್ಟು ಆಡುತ್ತಾನೆ. ಓವರಿನ ನಡುವೆ ಒಂದು ಚಿಟಿಕೆ ಉಪ್ಪು ಬಾಯಿಗೆ ಹಾಕಿಕೊಳ್ಳುತ್ತಾನೆ. ಅವ್ವನಿಗೆ ಎಪ್ಪತ್ತು ದಾಟಿದೆ. ಬೀದಿಯಲ್ಲಿ ಯಾರ ಮನೆಯ ತೊಟ್ಟಿಲ ಶಾಸ್ತ್ರಕ್ಕೆ ಕರೆದರೂ ತಪ್ಪದೆ ಹೋಗುತ್ತಾಳೆ. ಉಡಿಯಕ್ಕಿ ಕೊಟ್ಟು, ಕೂಸನ್ನು ಎತ್ತಿಕೊಂಡು, ಹಣೆಗೊಂದು ಮುತ್ತಿಟ್ಟು ನಾಲಗೆಯಿಂದ ತುಟಿ ಸವರಿಕೊಳ್ಳುತ್ತಾಳೆ. ಸುತ್ತಲಿನವರು ಅದನ್ನು ಮುದುಕಿಯ ಮಮತೆಯೆಂದು ತಿಳಿಯುತ್ತಾರೆ.

“ಚಲೋ ಐತವ್ವಾ ಕೂಸು,” ಎಂದು ಹೇಳಿ, ತಾಯಿಯ ಮಡಿಲಿಗೆ ಅದನ್ನು ಹಿಂದಿರುಗಿಸುತ್ತಾಳೆ.